ಅಕ್ಕ ಒಂದು ಗುಂಪಿಗೆ, ತಮ್ಮ ಇನ್ನೊಂದಕ್ಕೆ: ಕ್ರೂಸ್ ಕಿಡ್ಸ್ ಕ್ಲಬ್‌ಗಳ ವಯಸ್ಸಿನ ಲೆಕ್ಕ ಹೇಗೆ?

ಬನಶಂಕರಿ_ಎರಡನೇಹಂತ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದ 7 ರಾತ್ರಿಯ ಕ್ರೂಸ್ ನೋಡ್ತಿದ್ದೀವಿ. ಬೆಂಗಳೂರಿಂದ ನಾವು, ಡಲ್ಲಾಸ್‌ನಿಂದ ನಾದಿನಿ ಮನೆಯವರು, ಜೊತೆಗೆ ಅತ್ತೆ-ಮಾವ. ಮಕ್ಕಳು ಮೂರು. ಮಗಳಿಗೆ 9 ತುಂಬಿ 10 ನಡೀತಿದೆ, ಡಿಸೆಂಬರ್ 20ಕ್ಕೆ 10 ತುಂಬುತ್ತೆ. ಮಗನಿಗೆ ಆಗಸ್ಟ್‌ನಲ್ಲಿ 6 ತುಂಬಿತು. ನಾದಿನಿ ಮಗುವಿಗೆ 2 ತುಂಬಿ 3 ನಡೀತಿದೆ, ಜನವರಿಗೆ 3. ಇನ್ನೂ ಡಯಾಪರ್.

ಮಗ ಅಕ್ಕನ್ನ ಬಿಟ್ಟು ಹೊಸ ಜಾಗದಲ್ಲಿ ಕೂರಲ್ಲ. ಹೊರಡೋ ದಿನಾಂಕ ಡಿಸೆಂಬರ್ 13 ಅಥವಾ 27, ಎರಡರಲ್ಲಿ ಯಾವುದಾದರೂ ಸರಿ. ಹಡಗಿನ ಕಿಡ್ಸ್ ಕ್ಲಬ್‌ನಲ್ಲಿ (ಮಕ್ಕಳನ್ನ ಸಿಬ್ಬಂದಿ ಹತ್ತಿರ ಬಿಟ್ಟು ಬರೋ ಆಟದ ಜಾಗ) ಇಬ್ಬರನ್ನೂ ಒಂದೇ ಗುಂಪಿಗೆ ಹಾಕ್ತಾರಾ? ಟ್ರಾವೆಲ್ ಏಜೆಂಟ್ "ಆಮೇಲೆ ಅಡ್ಜಸ್ಟ್ ಮಾಡ್ತಾರೆ ಮೇಡಂ" ಅಂತಿದ್ದಾರೆ.

ಡಲ್ಲಾಸ್_ದಾವಣಗೆರೆ

ಮೇಡಂ, ಏಜೆಂಟ್ ಮಾತು ನಂಬಬೇಡಿ. ನಿಮ್ಮ ವಿಷಯದಲ್ಲಿ ಎಲ್ಲ ನಿಂತಿರೋದು ಆ ಡಿಸೆಂಬರ್ 20ರ ಮೇಲೆ.

ಮೊದಲನೇದು, ಕ್ಲಬ್‌ನವರು ನೋಡೋದು ತುಂಬಿದ ವಯಸ್ಸು, "ನಡೀತಿರೋ" ವಯಸ್ಸಲ್ಲ. ಅದೂ ಪಾಸ್‌ಪೋರ್ಟ್‌ನಲ್ಲಿರೋ ಜನ್ಮದಿನಾಂಕದಿಂದ. ಶಾಲೆ ಸೇರಿಸೋವಾಗ ಜೂನ್ 1ಕ್ಕೆ ಎಷ್ಟು ತುಂಬಿದೆ ಅಂತ ಕೇಳ್ತಾರಲ್ಲ, ಹಾಗೆ ಇಲ್ಲಿ ಹಡಗು ಹೊರಡೋ ದಿನಕ್ಕೆ ಎಷ್ಟು ತುಂಬಿದೆ ಅಂತ. "3ರಿಂದ 5" ಅಂದರೆ 6ನೇ ಹುಟ್ಟುಹಬ್ಬದ ಹಿಂದಿನ ದಿನದವರೆಗೆ.

ಈಗ ರಾಯಲ್ ಕೆರಿಬಿಯನ್ ಕಂಪನಿಯ ಕಿಡ್ಸ್ ಕ್ಲಬ್ ಅಡ್ವೆಂಚರ್ ಓಷನ್ ತಗೊಳ್ಳಿ. ಗುಂಪುಗಳು 3–5, 6–9, 10–12, ಆಮೇಲೆ 13–17ರ ಟೀನ್. ಡಿಸೆಂಬರ್ 13ಕ್ಕೆ ಹೊರಟರೆ ಮಗಳಿಗೆ 9, ಮಗನಿಗೆ 6: ಇಬ್ಬರೂ ಒಂದೇ ಕೋಣೆ. 27ಕ್ಕೆ ಹೊರಟರೆ ಅವಳಿಗೆ 10 ತುಂಬಿರುತ್ತೆ: ಅವಳು ಆಚೆ, ಇವನು ಈಚೆ. ಹಡಗು ಅದೇ ಆದರೂ ಎರಡು ವಾರದ ಅಂತರದಲ್ಲಿ ಬೇರೆ ಗುಂಪು. ನಾರ್ವೇಜಿಯನ್‌ನ ಸ್ಪ್ಲಾಶ್ ಅಕಾಡೆಮಿಯೂ 3–5, 6–9, 10–12 ಅಂತಲೇ ಕತ್ತರಿಸುತ್ತೆ, ಅಲ್ಲೂ ಇದೇ ಫಲಿತಾಂಶ.

ಕಾರ್ನಿವಲ್‌ನ ಕ್ಯಾಂಪ್ ಓಷನ್: ಪೆಂಗ್ವಿನ್ಸ್ 2–5, ಸ್ಟಿಂಗ್‌ರೇಸ್ 6–8, ಶಾರ್ಕ್ಸ್ 9–11. ಯಾವ ದಿನಾಂಕಕ್ಕೆ ಹೋದರೂ ಅಕ್ಕ ಶಾರ್ಕ್ಸ್, ತಮ್ಮ ಸ್ಟಿಂಗ್‌ರೇಸ್. ಪ್ರಿನ್ಸೆಸ್‌ನಲ್ಲಿ 3–7 ಟ್ರೀಹೌಸ್, 8–12 ಲಾಡ್ಜ್, ಅಲ್ಲೂ ಬೇರೆ. ಡಿಸ್ನಿಯಲ್ಲಿ ಮಾತ್ರ ಓಷನಿಯರ್ ಕ್ಲಬ್, ಲ್ಯಾಬ್ ಎರಡೂ ಸೇರಿ 3–10, ಒಳಗೆ ವಯಸ್ಸಿನ ಗೋಡೆ ಇಲ್ಲ. 13 ಆದರೂ 27 ಆದರೂ ಇಬ್ಬರೂ ಒಟ್ಟಿಗೆ.

ಶಾರ್ಜಾ_ಕುಂದಾಪ್ರ

ಎಂಎಸ್‌ಸಿ ಬಿಟ್ರಲ್ಲ ಮಾರಾಯ್ರೆ! ಅಲ್ಲಿ ಮಿನಿ 3–6, ಜೂನಿಯರ್ 7–11, ಯಂಗ್ 12–14, ಟೀನ್ 15–17. ಇವರ ಮಕ್ಕಳು ಮಿನಿ ಮತ್ತು ಜೂನಿಯರ್ ಅಂತ ಬೇರೆ ಆಗ್ತಾರೆ. ಆದರೆ 8 ಮತ್ತು 10ರ ಅಣ್ಣ-ತಮ್ಮ ಇರುವವರಿಗೆ ಇದೇ ಚಲೋ, ಯಾಕಂದ್ರೆ ಅದೇ ಜೋಡಿಯನ್ನು ರಾಯಲ್, ನಾರ್ವೇಜಿಯನ್, ಕಾರ್ನಿವಲ್ ಮೂರೂ ಬೇರೆ ಮಾಡ್ತವೆ. ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಎಂಎಸ್‌ಸಿ ಹಡಗು ಹತ್ತುವವರೂ ಇದ್ದಾರೆ. ಅವರಿಗೆ ಬೇಕಾದೀತು ಅಂತ ಬರೆದೆ.

ಒಂದು ಎಚ್ಚರ: ಎಂಎಸ್‌ಸಿಯಲ್ಲಿ ಯುರೋಪಿನ ಮಕ್ಕಳು ಜಾಸ್ತಿ. ಆಟದ ಸೂಚನೆ ಇಂಗ್ಲಿಷ್ ಆದಮೇಲೆ ಇಟಾಲಿಯನ್, ಜರ್ಮನ್, ಫ್ರೆಂಚ್ ಅಂತ ಸುತ್ತು ಹೊಡೀತದೆ. ಚಿಕ್ಕ ಮಕ್ಕಳು ಆ ಹೊತ್ತಿಗೆ ಎದ್ದು ಓಡಿರ್ತಾರೆ.

ಎರಡುಜಡೆ

ದಾವಣಗೆರೆಯವರ ಲೆಕ್ಕ ಸರಿ. ಅದಕ್ಕೇ ನನ್ನ ಮಾತು ಒಂದೇ: ಅಕ್ಕ-ತಂಗಿ, ಅಣ್ಣ-ತಮ್ಮ ಒಟ್ಟಿಗಿರಬೇಕು ಅಂದ್ರೆ ಹಡಗಿನ ಜಾರುಬಂಡೆ ನೋಡಿ ಆರಿಸಬೇಡಿ, ಹುಟ್ಟಿದ ದಿನಾಂಕ ಎಲ್ಲಿ ಕತ್ತರಿಸುತ್ತೆ ನೋಡಿ ಆರಿಸಿ. ಇನ್ನೂ ಕೆಲವು ಜೋಡಿ ಹಾಕ್ತೀನಿ, ಮುಂದೆ ಓದೋರಿಗೆ ಆಗಲಿ.

5 ಮತ್ತು 7 ಇದ್ದರೆ ಪ್ರಿನ್ಸೆಸ್ (3–7) ಇಲ್ಲವೇ ಡಿಸ್ನಿ. ಉಳಿದ ಕಡೆ ಒಡೆಯುತ್ತೆ. 8 ಮತ್ತು 10ಕ್ಕೆ ಎಂಎಸ್‌ಸಿ, ಪ್ರಿನ್ಸೆಸ್, ಡಿಸ್ನಿ. 10 ಮತ್ತು 12ಕ್ಕೆ ರಾಯಲ್, ನಾರ್ವೇಜಿಯನ್, ಪ್ರಿನ್ಸೆಸ್. ಇಲ್ಲಿ ಡಿಸ್ನಿ ಕೈಕೊಡುತ್ತೆ, ಏಕೆಂದರೆ 11 ತುಂಬಿದವರು ಎಡ್ಜ್‌ಗೆ (11–14) ಹೋಗ್ತಾರೆ. 12 ಮತ್ತು 14ಕ್ಕೆ ತಿರುಗುಮುರುಗು: ಕಾರ್ನಿವಲ್‌ನ ಸರ್ಕಲ್ ಸಿ (12–14), ಎಂಎಸ್‌ಸಿಯ ಯಂಗ್, ಡಿಸ್ನಿಯ ಎಡ್ಜ್ ಒಟ್ಟಿಗೆ ಇಡ್ತವೆ. 13ಕ್ಕೆ ಗೆರೆ ಎಳೆಯೋ ರಾಯಲ್, ನಾರ್ವೇಜಿಯನ್, ಪ್ರಿನ್ಸೆಸ್ ಮೂರೂ ಬೇರೆ ಮಾಡ್ತವೆ.

ಹಳೇ ಬ್ಲಾಗ್ ಓದಿ ಮೋಸ ಹೋಗಬೇಡಿ. ಡಿಸ್ನಿಯ ಓಷನಿಯರ್ ಮೊದಲು 3–12 ಇತ್ತು, ರಾಯಲ್‌ನಲ್ಲಿ 6–8, 9–11 ಅಂತಿತ್ತು. ಹುಡುಕಿದರೆ ಇವತ್ತಿಗೂ ಆ ಹಳೇ ಪುಟಗಳೇ ಮೇಲೆ ಬರ್ತವೆ. ದುಡ್ಡು ಕಟ್ಟೋ ಮುಂಚೆ ಕಂಪನಿಯ ಪುಟದಲ್ಲಿ ನಿಮ್ಮ ಹಡಗಿನ ಹೆಸರು ಹಾಕಿಯೇ ನೋಡಿ.

ಬನಶಂಕರಿ_ಎರಡನೇಹಂತ

ಅಯ್ಯೋ, ಇಷ್ಟೊಂದು ಇದೆಯಾ! 27ಕ್ಕೇ ಹೋಗಬೇಕಾಗಿ ಬಂದ್ರೆ ಮಗಳನ್ನ ಕೆಳಗಿನ ಗುಂಪಿಗೆ ಕಳಿಸಿ ಅಂತ ಕೇಳಿಕೊಳ್ಳಬಹುದಾ? ಇಲ್ಲ ಮಗನ್ನ ಮೇಲೆ?

ಹೂವಿನಹಡಗಲಿ

ಮ್ಯಾಲೆ ಅಂತೂ ಮರ್ತ ಬಿಡ್ರಿ. ಸಣ್ಣವರನ್ನ ದೊಡ್ಡ ಗುಂಪಿಗೆ ಹತ್ತಸೂದಿಲ್ಲ. ಅದಕ್ಕ ಕಾರಣ ಅದಾವ. ಸಣ್ಣ ಮಕ್ಕಳ ಕ್ವಾಣ್ಯಾಗ ಸಿಬ್ಬಂದಿ ಜಾಸ್ತಿ, ಮಕ್ಕಳು ಕಡಿಮಿ. ದೊಡ್ಡವರ ಕ್ವಾಣ್ಯಾಗ ಅದು ತಿರುವು. 6ರ ಹುಡುಗನ್ನ 10–12ರಾಗ ಕೂಡಿಸಿದ್ರ ಅವನ ಮ್ಯಾಲ ಕಣ್ಣಿಡಾಕ ಅಷ್ಟು ಮಂದಿ ಇರೂದಿಲ್ಲ. ಮತ್ತ ದೊಡ್ಡ ಗುಂಪಿನ್ಯಾಗ ಆಟ ಹಡಗಿನ ತುಂಬ ಓಡಾಡೂವಂಥಾವು ಇರ್ತಾವ, ತಾವ ಸೈನ್ ಔಟ್ ಮಾಡ್ಕೊಂಡು ಹೋಗೂ ಮಕ್ಕಳೂ ಇರ್ತಾರ. ಬಾಗಲ ಸಡ್ಲ ಅಂದಂಗ.

ಕೆಳಗ ಇಳಿಯೂದು ಬ್ಯಾರೆ ಮಾತು. ಅದನ್ನ ಹಡಗಿನ ಯೂತ್ ಮ್ಯಾನೇಜರ್ ನಿರ್ಧಾರ ಮಾಡ್ತಾರ. ಸಣ್ಣವರ ಕ್ವಾಣ್ಯಾಗ ಜಾಗ ಇದ್ರ, ದೊಡ್ಡಾಕಿ ಬರೀ ಸ್ವಲ್ಪ ತಿಂಗಳಿನಿಂದ ಗೆರಿ ದಾಟ್ಯಾಳ ಅಂದ್ರ, ಒಪ್ಪೂದುಂಟು. ಜಾಗ ಇಲ್ಲಂದ್ರ ಇಲ್ಲ. ಡಿಸೆಂಬರ್ 27ರ ವಾರ ಅಂದ್ರ ಅಮೆರಿಕಾದ ಸಾಲಿ ಎಲ್ಲಾ ಸೂಟಿ, ಹಡಗ ತುಂಬ ಮಕ್ಕಳು. ಆ ವಾರ "ಒಪ್ತಾರ" ಅಂತ ನಂಬಿ ಟಿಕೀಟ್ ತಗೀಬ್ಯಾಡ್ರಿ.

ಇನ್ನೊಂದು. ಇಳಿಸಿದ್ರ ಇಡೀ ವಾರ ಅಲ್ಲೇ ಇರಬೇಕಾಕ್ಕತಿ, ಮುಂಜಾನೆ ಮ್ಯಾಲ ಸಂಜಿ ಕೆಳಗ ಅಂತ ಆಡಾಕ ಬರೂದಿಲ್ಲ ಅಂತಾರ ಬಾಳ ಕಡೆ. ಮೂರನೇ ದಿನಕ್ಕ ಅಕ್ಕಗ ಬ್ಯಾಸರ ಬಂದ್ರ ಏನ್ ಮಾಡ್ತೀರಿ, ಅದನ್ನೂ ವಿಚಾರ ಮಾಡ್ರಿ.

ಡಲ್ಲಾಸ್_ದಾವಣಗೆರೆ

ಹಡಗಲಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬೆಳವಣಿಗೆಯಲ್ಲಿ ಹಿಂದಿರೋ, ಆಟಿಸಂ ಇರೋ ಮಕ್ಕಳ ವಿಷಯದಲ್ಲಿ ನಿಯಮ ಸಡಿಲ. ರಾಯಲ್‌ನಲ್ಲಿ ಅಂಥ ಮಗುವನ್ನ ವಯಸ್ಸಿನ ಬದಲು ಸಾಮರ್ಥ್ಯ ನೋಡಿ ಗುಂಪಿಗೆ ಹಾಕ್ತಾರೆ. ಆದರೆ ಹಡಗು ಹತ್ತಿದ ಮೇಲೆ ಕೌಂಟರ್‌ನಲ್ಲಿ ನಿಂತು ಹೇಳೋದಲ್ಲ, ಬುಕಿಂಗ್ ಆದ ತಕ್ಷಣ ಕಂಪನಿಯ ಆಕ್ಸೆಸ್ ವಿಭಾಗಕ್ಕೆ ಬರೆದು ತಿಳಿಸಿರಬೇಕು.

ಎರಡುಜಡೆ

2 ವರ್ಷದ ಮಗುವಿನ ಬಗ್ಗೆ ಯಾರೂ ಹೇಳಲಿಲ್ಲ. ನಿಜವಾದ ಇಕ್ಕಟ್ಟು ಅಲ್ಲೇ ಇರೋದು.

ಉಚಿತ ಕ್ಲಬ್ ಬಹುತೇಕ ಕಡೆ ಶುರುವಾಗೋದು 3 ತುಂಬಿದ ಮೇಲೆ. ಕಾರ್ನಿವಲ್ 2 ತುಂಬಿದ್ರೇ ಪೆಂಗ್ವಿನ್ಸ್‌ಗೆ ತಗೊಳ್ಳುತ್ತೆ, ಡಯಾಪರ್ ಕೂಡ ಅವರೇ ಬದಲಾಯಿಸ್ತಾರೆ. ಡಯಾಪರ್, ವೈಪ್ಸ್ ಮಾತ್ರ ನಾವು ಹೆಸರು ಬರೆದು ಕೊಟ್ಟಿರಬೇಕು. ರಾಯಲ್‌ನಲ್ಲಿ 6ರಿಂದ 36 ತಿಂಗಳಿಗೆ ನರ್ಸರಿ ಇದೆ, ಗಂಟೆ ಲೆಕ್ಕದಲ್ಲಿ ದುಡ್ಡು, ಎಲ್ಲ ಹಡಗಲ್ಲೂ ಇಲ್ಲ. ಡಿಸ್ನಿಯಲ್ಲೂ 3 ತುಂಬೋವರೆಗೆ ನರ್ಸರಿ, ಅದಕ್ಕೂ ಗಂಟೆ ಲೆಕ್ಕದ ದುಡ್ಡು, ಮೊದಲೇ ಕಾದಿರಿಸದಿದ್ರೆ ಹಬ್ಬದ ವಾರ ಸಿಗಲ್ಲ. ನಾರ್ವೇಜಿಯನ್‌ನ ಪುಟ್ಟ ಮಕ್ಕಳ ಗುಂಪು ಗಪ್ಪೀಸ್‌ನಲ್ಲಿ ಅಪ್ಪ-ಅಮ್ಮ ಜೊತೆಗೇ ಕೂತಿರಬೇಕು, ಬಿಟ್ಟು ಹೋಗೋ ಹಾಗಿಲ್ಲ.

ಅಂದ್ರೆ ನಿಮ್ಮ ಕುಟುಂಬದಲ್ಲಿ ಚಿಕ್ಕದಕ್ಕೆ ಕಾರ್ನಿವಲ್ ಒಳ್ಳೇದು, ದೊಡ್ಡವರಿಬ್ಬರಿಗೆ ರಾಯಲ್ ಅಥವಾ ಡಿಸ್ನಿ. ನರ್ಸರಿಗೆ ದುಡ್ಡು ಕೊಡೋಕೆ ತಯಾರಿದ್ರೆ ಮೂವರಿಗೂ ಸರಿಹೋಗೋದು 13ಕ್ಕೆ ಹೊರಡೋ, ನರ್ಸರಿ ಇರೋ ರಾಯಲ್ ಹಡಗು, ಇಲ್ಲವೇ ಯಾವ ದಿನಾಂಕಕ್ಕಾದ್ರೂ ಡಿಸ್ನಿ. ಡಿಸ್ನಿಯ ಟಿಕೆಟ್ ದರವೂ ಅದಕ್ಕೆ ತಕ್ಕ ಹಾಗೇ ಇರುತ್ತೆ, ಅದು ಬೇರೆ ಮಾತು.

ಬನಶಂಕರಿ_ಎರಡನೇಹಂತ

ಜನವರಿಗೆ 3 ತುಂಬೋ ಮಗು ತಾನೇ, ನಾಲ್ಕು ವಾರದ ವ್ಯತ್ಯಾಸಕ್ಕೆ ಬಿಟ್ಟುಕೊಳ್ಳಲ್ವಾ?

ಎರಡುಜಡೆ

ನಾಲ್ಕು ದಿನ ಕಡಿಮೆ ಇದ್ರೂ ಬಿಟ್ಟುಕೊಳ್ಳಲ್ಲ. 3 ತುಂಬಿದ್ರೂ ಡಯಾಪರ್ ಬಿಟ್ಟಿರಬೇಕು. ರಾಯಲ್‌ನಲ್ಲಿ ಚಡ್ಡಿ ಥರ ಏರಿಸೋ ಪುಲ್-ಅಪ್ ಕೂಡ ಡಯಾಪರ್ ಅಂತಲೇ ಲೆಕ್ಕ. ನಾರ್ವೇಜಿಯನ್ ಈ ವಿಷಯದಲ್ಲಿ ಸ್ವಲ್ಪ ಮೃದು: 3 ತುಂಬಿದ ಮಗು ಡಯಾಪರ್‌ನಲ್ಲಿದ್ರೂ ಸೇರಿಸ್ತಾರೆ, ಆದರೆ ಕೈಗೊಂದು ಫೋನ್ ಕೊಟ್ಟು ಕಳಿಸ್ತಾರೆ. ಅದು ಬಡಿದುಕೊಂಡಾಗ ನೀವೇ ಓಡಿಬಂದು ಬದಲಾಯಿಸಬೇಕು.

ಇದರ ಜೊತೆ ಈಜುಕೊಳದ್ದೂ ಗೊತ್ತಿರಲಿ. ಡಯಾಪರ್ ಹಾಕೋ ಮಗುವನ್ನ, ಸ್ವಿಮ್ ಡಯಾಪರ್ ಹಾಕಿದ್ರೂ, ದೊಡ್ಡ ಕೊಳಕ್ಕೆ ಇಳಿಸೋ ಹಾಗಿಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಹಡಗು ನೈರ್ಮಲ್ಯ ವಿಭಾಗದ ನಿಯಮ ಅದು. ಪುಟ್ಟ ಮಕ್ಕಳಿಗೇ ಅಂತ ಬೇರೆ ನೀರಾಟದ ಜಾಗ ಇರೋ ಹಡಗು ನೋಡಿ, ಇಲ್ಲದಿದ್ರೆ ವಾರವಿಡೀ ಅಣ್ಣ-ಅಕ್ಕ ನೀರಲ್ಲಿ, ಇದು ದಡದಲ್ಲಿ ಅಳ್ತಾ.

ಮಲ್ಲೇಶ್ವರಂ_ಮಲ್ಲಿಗೆ

ತೊಳೆಸೋ ವಿಷಯ ಹೇಳಲೇಬೇಕು, ನಮ್ಮ ಮನೆ ಮಕ್ಕಳಿಗೆ ಇಲ್ಲೇ ಎಡವಟ್ಟಾಗೋದು. ನಮ್ಮಲ್ಲಿ 4-5 ವರ್ಷದವರಿಗೂ "ಆಯ್ತು" ಅಂತ ಕೂಗಿದ್ರೆ ಯಾರೋ ಒಬ್ಬರು ಹೋಗಿ ತೊಳೆಸ್ತಾರೆ. ಕ್ಲಬ್ ಸಿಬ್ಬಂದಿ ಶೌಚಾಲಯದ ಒಳಗೆ ಬಂದು ಆ ಕೆಲಸ ಮಾಡಲ್ಲ. ಅವರ ಲೆಕ್ಕದಲ್ಲಿ "ಟಾಯ್ಲೆಟ್ ಟ್ರೇನ್ಡ್" ಅಂದ್ರೆ ಹೇಳೋದು, ಚಡ್ಡಿ ಇಳಿಸೋದು, ಒರೆಸಿಕೊಳ್ಳೋದು, ಏರಿಸೋದು, ಕೈ ತೊಳೆಯೋದು, ಐದನ್ನೂ ಮಗು ತಾನೇ ಮಾಡಬೇಕು.

ಹಡಗಿನಲ್ಲಿ ಜೆಟ್ ಸ್ಪ್ರೇ ಇಲ್ಲ, ಚೊಂಬೂ ಇಲ್ಲ, ಕಾಗದ ಮಾತ್ರ. ಹೊರಡೋ ಎರಡು-ಮೂರು ವಾರ ಮುಂಚಿನಿಂದ ಮನೆಯಲ್ಲೇ ಅಭ್ಯಾಸ ಮಾಡಿಸಿ: ಕಾಗದ ನಾಲ್ಕು ಚೌಕ ಹರಿಯೋದು, ಮಡಿಸೋದು, ಮುಂದಿನಿಂದ ಹಿಂದಕ್ಕೆ ಒರೆಸೋದು. ಫ್ಲಶ್ ವಿಮಾನದ್ದರ ಥರ ಗಾಳಿ ಎಳೆಯೋದು, ಸದ್ದು ಜೋರು. ಅದಕ್ಕೆ ಹೆದರಿ ಹೋಗದೆ ತಡೆದುಕೊಂಡು ಚಡ್ಡಿಯಲ್ಲೇ ಮಾಡ್ಕೊಳ್ಳೋ ಮಕ್ಕಳಿದ್ದಾರೆ. ಮೊದಲ ದಿನ ಕ್ಯಾಬಿನ್‌ನಲ್ಲೇ ಮುಚ್ಚಳ ಹಾಕಿ ಗುಂಡಿ ಒತ್ತಿ ತೋರಿಸಿ. ನಾಡಾ ಪ್ಯಾಂಟ್, ಬಿಗಿ ಜೀನ್ಸ್, ಜಂಪ್‌ಸೂಟ್ ಬೇಡವೇ ಬೇಡ, ಎಲಾಸ್ಟಿಕ್ ಚಡ್ಡಿ ಹಾಕಿ.

ಮಾತಿನದ್ದೂ ಅಷ್ಟೇ. ಮಗು ಮನೆಯಲ್ಲಿ "ಸುಸ್ಸು", "ಕಕ್ಕ", "ಹೊಟ್ಟೆ ನೋವು", "ನೀರು ಬೇಕು", "ಅಮ್ಮ ಬೇಕು" ಅನ್ನುತ್ತೆ. ಅಂಗೈ ಅಗಲದ ಕಾರ್ಡ್‌ನಲ್ಲಿ ಆ ಐದಾರು ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮುಂದೆ ಅರ್ಥ ಹಾಕಿ ಸಿಬ್ಬಂದಿ ಕೈಗೆ ಕೊಡಿ. ಎಲ್ಲಕ್ಕಿಂತ ಉಪಯೋಗ ಬರೋ ಕಾಗದ ಅದೇ.

ಶಾರ್ಜಾ_ಕುಂದಾಪ್ರ

ಆ ಕಾರ್ಡಿನ ಹಿಂಬದಿಗೆ ಊಟದ್ದೂ ಬರೆಯಿರಿ. "ವೆಜಿಟೇರಿಯನ್" ಅಂದ್ರೆ ಮೊಟ್ಟೆ ಇಲ್ಲ, ಮೀನಿಲ್ಲ, ಜೆಲಾಟಿನ್ ಇಲ್ಲ ಅಂತ ಬಿಡಿಸಿ ಬರೆಯದಿದ್ರೆ ಬಹುಮಾನಕ್ಕೆ ಕೊಡುವ ಮಾರ್ಷ್‌ಮ್ಯಾಲೋ, ಗಮ್ಮಿ ಬಾಯಿಗೆ ಹೋಗ್ತದೆ. ಅಲರ್ಜಿ ಇದ್ರೆ ಅದು ಬೇರೆಯೇ ಕಾಲಂ, ಫಾರ್ಮಿನಲ್ಲೇ ತುಂಬಿಸಬೇಕು. ಇಷ್ಟವಿಲ್ಲದ್ದನ್ನ ಅಲರ್ಜಿ ಅಂತ ಬರೀಬೇಡಿ, ಮತ್ತೆ ಪ್ರತಿ ತಿಂಡಿಗೂ ನಿಮ್ಮನ್ನೇ ಕರೀತಾರೆ.

ಹೂವಿನಹಡಗಲಿ

ಹತ್ತಿದ ದಿನ ಏನ್ ಮಾಡಬೇಕು ಅನ್ನೂದು.

ಫಾರ್ಮ್ ಮನ್ಯಾಗ ಇದ್ದಾಗ ಆ್ಯಪ್‌ನ್ಯಾಗ ತುಂಬ್ರಿ, ಆಗೂದಿತ್ತಂದ್ರ. ಹಡಗ ಹತ್ತಿದ ಮಧ್ಯಾಹ್ನ ಕ್ಲಬ್ ಎಲ್ಲಾರಿಗೂ ತೆರೆದಿರ್ತದ, ಅವತ್ತ ಒಂದ ದಿನ ಅಪ್ಪ, ಅವ್ವ, ಅಕ್ಕ, ತಮ್ಮ ಎಲ್ಲಾರೂ ಕೂಡಿ ಎಲ್ಲಾ ಕ್ವಾಣಿ ನೋಡಬಹುದು. ಬಫೆಗೆ ಓಡೂಕಿಂತ ಮದಲ ಅಲ್ಲಿಗೆ ಹೋಗ್ರಿ. ಅಕ್ಕನ ಕ್ವಾಣಿ ಯಾವ ಗ್ವಾಡಿ ಆಚೆ ಐತಿ ಅಂತ ತಮ್ಮಗ ಕಣ್ಣಿಂದ ತೋರಸ್ರಿ. ಒಂದ ಡೆಕ್ಕು, ಒಂದ ಪಡಸಾಲಿ ಅಂತ ಗೊತ್ತಾದ್ರ ಅರ್ಧ ಅಳು ಅಲ್ಲೇ ನಿಂತಹೋಕ್ಕತಿ.

ಕೈಗೆ ಪಟ್ಟಿ ಕಟ್ತಾರ, ಅದರ ಮ್ಯಾಲ ನಿಮ್ಮ ಮಸ್ಟರ್ ಸ್ಟೇಷನ್ನಿನ (ಅಪಾಯ ಬಂದಾಗ ಮಂದಿ ಕೂಡೂ ಜಾಗ) ಗುರುತು ಇರ್ತದ. ಗಂಟಿ ಹೊಡದ್ರ ನೀವು ಕ್ಲಬ್ಬಿಗೆ ಓಡಬ್ಯಾಡ್ರಿ, ನಿಮ್ಮ ಸ್ಟೇಷನ್ನಿಗೆ ಹೋಗ್ರಿ. ಮಕ್ಕಳನ್ನ ಸಿಬ್ಬಂದಿ ಕರಕೊಂಡ ಬರ್ತಾರ. ಮೆಟ್ಟಲ ಮ್ಯಾಲ ಎದುರಾ-ಎದುರ ನೂಕಾಟ ಆಗಬಾರ್ದು ಅಂತ ಆ ವ್ಯವಸ್ಥಾ. ಅದಕ್ಕ ಆ ಪಟ್ಟಿ ಸ್ನಾನಕ್ಕೂ ಬಿಚ್ಚಬ್ಯಾಡ್ರಿ.

ಕರಕೊಂಡ ಹೋಗೂ ಮಂದಿ ಹೆಸರಿನ್ಯಾಗ ಅಜ್ಜ-ಅಜ್ಜಿ, ಮಾಮಾ, ಅತ್ತಿ ಎಲ್ಲಾರನ್ನೂ ಸೇರಸ್ರಿ, ಗುಪ್ತಪದ ಕೊಟ್ಟಿದ್ರ ಅಜ್ಜಗ ಬಾಯಿಪಾಠ ಮಾಡಸ್ರಿ. ಹೆಸರಿಲ್ಲಂದ್ರ ಮಗು "ತಾತಾ" ಅಂತ ಕೂಗಿ ಕೊರಳಿಗೆ ಬಿದ್ರೂ ಕೊಡೂದಿಲ್ಲ, ಕೊಡಬಾರದು ಕೂಡ.

ಡಲ್ಲಾಸ್_ದಾವಣಗೆರೆ

ಇದೇ ಜಾಗದಲ್ಲಿ ಅಕ್ಕ-ತಮ್ಮಂದಿರ ಒಂದು ಗೊಂದಲ ಇದೆ. ದೊಡ್ಡ ಮಕ್ಕಳಿಗೆ ತಾವೇ ಸೈನ್ ಔಟ್ ಮಾಡ್ಕೊಂಡು ಹೊರಗೆ ಬರೋ ಅನುಮತಿಯನ್ನ ನಾವು ಕೊಡಬಹುದು. ಡಿಸ್ನಿಯಲ್ಲಿ 8 ತುಂಬಿದವರಿಗೆ, ಕಾರ್ನಿವಲ್‌ನಲ್ಲಿ 9–11ರವರಿಗೆ, ರಾಯಲ್‌ನಲ್ಲಿ 10–12ರ ಗುಂಪಿಗೆ. ಅದು ಆ ಮಗುವಿಗೆ ಮಾತ್ರ. "ಅಕ್ಕ ಬರ್ತಾ ತಮ್ಮನ್ನೂ ಕರ್ಕೊಂಡು ಬರಲಿ" ಅಂತ ಪ್ಲಾನ್ ಮಾಡಬೇಡಿ, 9 ವರ್ಷದವಳ ಕೈಗೆ 6 ವರ್ಷದವನನ್ನ ಕೊಡಲ್ಲ.

ಇನ್ನೊಂದು ತೊಂದರೆ: ಅಕ್ಕನಿಗೆ ಆ ಅನುಮತಿ ಕೊಟ್ಟರೆ ಅವಳು ಐಸ್‌ಕ್ರೀಂ ತಿನ್ನೋಕೆ ಎದ್ದು ಹೋಗ್ತಾಳೆ, ಒಂದೇ ಕೋಣೆಯಲ್ಲಿದ್ದ ತಮ್ಮ ಒಬ್ಬನೇ ಉಳೀತಾನೆ. ಅವನನ್ನ ಒಟ್ಟಿಗೆ ಇಡೋಕೆ ತಾನೇ ಇಷ್ಟೆಲ್ಲ ಮಾಡ್ತಿರೋದು? ಮೊದಲ ಎರಡು ದಿನವಾದ್ರೂ ಅನುಮತಿ ಕೊಡಬೇಡಿ.

ಸಮಯ: ಸಮುದ್ರದ ಮೇಲಿರೋ ದಿನ ರಾಯಲ್‌ನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 9–12, ಮಧ್ಯಾಹ್ನ 2–5, ರಾತ್ರಿ 7–10. ನಡುವಿನ ಬಿಡುವಿನಲ್ಲಿ ಊಟ ನಮ್ಮದೇ ಜವಾಬ್ದಾರಿ. ರಾತ್ರಿ 10ರ ಮೇಲೆ ಗಂಟೆ ಲೆಕ್ಕದಲ್ಲಿ ದುಡ್ಡು, ಕಾರ್ನಿವಲ್‌ನಲ್ಲೂ ಹಾಗೇ. ಎರಡು ಮಕ್ಕಳಿದ್ರೆ ಎರಡರಷ್ಟು, 10 ಗಂಟೆ 5 ನಿಮಿಷಕ್ಕೆ ಓಡಿಬಂದ್ರೂ ಬಿಲ್ ಬಂದಿರುತ್ತೆ.

ಮಲ್ಲೇಶ್ವರಂ_ಮಲ್ಲಿಗೆ

ವಾಂತಿ-ಭೇದಿ ಇದ್ರೆ ಮುಚ್ಚಿಟ್ಟು ಕಳಿಸಬೇಡಿ. ಒಂದು ಮಗುವಿಗೆ ಬಂದ್ರೆ ಅದನ್ನ ಕ್ಯಾಬಿನ್‌ನಲ್ಲೇ ಇರಿಸ್ತಾರೆ. ಒಂದೇ ಕ್ಯಾಬಿನ್‌ನಲ್ಲಿ ಮಲಗೋ ಒಡಹುಟ್ಟಿದವರ ಬಗ್ಗೆಯೂ ಕೇಳ್ತಾರೆ. ನೋರೋವೈರಸ್‌ಗೆ ಕೈಗೆ ಹಚ್ಚೋ ಸ್ಯಾನಿಟೈಸರ್ ಸಾಲದು, ಸೋಪು-ನೀರೇ ಬೇಕು. ಕ್ಲಬ್ಬಿನ ಬಾಗಿಲಲ್ಲಿ ಕೈ ತೊಳೆಯೋ ತೊಟ್ಟಿ ಇರೋದು ಅದಕ್ಕೇ. ಹಡಗಿನ ಓಲಾಟದ ವಾಂತಿ ಬೇರೆ ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿರಲ್ಲ. ಅದಕ್ಕೆ ವಾಂತಿ ನಿಲ್ಲಿಸೋ ಔಷಧಿ, ಪ್ರಮಾಣ ಎಷ್ಟು ಅಂತ ಊರಲ್ಲೇ ಮಕ್ಕಳ ಡಾಕ್ಟರ ಹತ್ತಿರ ಬರೆಸಿಕೊಂಡು ಹೋಗಿ.

ಕೊಡಿಯಾಲ್‌ಬೈಲ್

ನಡುವೆ ಬಾಯಿ ಹಾಕ್ತೇನೆ. ಅಮೆರಿಕಕ್ಕೆ ಹೋಗದೆ ಸಿಂಗಾಪುರದಿಂದ ಅಥವಾ ಮುಂಬೈನಿಂದ ಹತ್ತುವವರಿಗೆ?

ಎರಡುಜಡೆ

ಸಿಂಗಾಪುರದಿಂದ ಹೊರಡೋ ರಾಯಲ್ ಹಡಗುಗಳಲ್ಲಿ ಅದೇ ಅಡ್ವೆಂಚರ್ ಓಷನ್, ಅದೇ ವಯಸ್ಸಿನ ಗೆರೆ. ಆದರೆ 3-4 ರಾತ್ರಿಯ ಪ್ರಯಾಣ ಜಾಸ್ತಿ. ಮಗು ಹೊಂದಿಕೊಳ್ಳೋಕೇ ಎರಡು ದಿನ ಬೇಕು, ಅಷ್ಟರಲ್ಲಿ ಇಳಿಯೋ ಹೊತ್ತು. ಅಷ್ಟು ಚಿಕ್ಕ ಪ್ರಯಾಣಕ್ಕೆ ಗುಂಪು ಒಂದೇ ಇರಲಿ ಅಂತ ತಲೆ ಕೆಡಿಸಿಕೊಳ್ಳೋದಕ್ಕಿಂತ ಮನೆಯವರೆಲ್ಲ ಸೇರಿ ಆಡೋ ಕಾರ್ಯಕ್ರಮ ನೋಡಿಕೊಳ್ಳಿ. ಮುಂಬೈನಿಂದ ಹೊರಡೋ ಕಾರ್ಡೀಲಿಯಾದ ಎಂಪ್ರೆಸ್ 1990ರ ಹಡಗು, ಮೇಲಿನವುಗಳಿಗೆ ಹೋಲಿಸಿದ್ರೆ ಚಿಕ್ಕದು, ಮಕ್ಕಳ ಜಾಗವೂ ಅದಕ್ಕೆ ತಕ್ಕಷ್ಟೇ. ಬುಕ್ ಮಾಡೋವಾಗ ಎರಡು ಪ್ರಶ್ನೆ ಬರಹದಲ್ಲೇ ಕೇಳಿ: ಅಪ್ಪ-ಅಮ್ಮ ಇಲ್ಲದೆ ಬಿಡಬಹುದಾದ ಕನಿಷ್ಠ ವಯಸ್ಸು ಎಷ್ಟು, ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತೆ.

ಬನಶಂಕರಿ_ಎರಡನೇಹಂತ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾದಿನಿ ಜೊತೆ ಮಾತಾಡಿದೆ. ಡಿಸೆಂಬರ್ 13, ರಾಯಲ್, ನರ್ಸರಿ ಇರೋ ಹಡಗೇ ಅಂತ ಖಚಿತ ಮಾಡ್ಕೊಂಡು. ಕೊನೇ ಪ್ರಶ್ನೆ: ಪ್ರಯಾಣ ಮುಗಿಯೋದು 20ಕ್ಕೆ, ಅವತ್ತೇ ಮಗಳ ಹುಟ್ಟುಹಬ್ಬ. ಕೊನೇ ದಿನ ಗುಂಪು ಬದಲಾಗುತ್ತಾ?

ಡಲ್ಲಾಸ್_ದಾವಣಗೆರೆ

ಇಲ್ಲ ಮೇಡಂ. 20ರ ಬೆಳಿಗ್ಗೆ ಎಲ್ಲರೂ ಇಳಿಯೋ ಹೊತ್ತು, ಅವತ್ತು ಕ್ಲಬ್ಬೇ ಇರಲ್ಲ. ಕೇಕ್ ಬೇಕಿದ್ರೆ 19ರ ರಾತ್ರಿ ಊಟಕ್ಕೆ ಹೇಳಿಡಿ. ಮೊಟ್ಟೆ ಇಲ್ಲದ್ದು ಬೇಕು ಅಂದ್ರೆ ಹತ್ತಿದ ದಿನವೇ ಊಟದ ಹಾಲ್‌ನ ಹೆಡ್ ವೇಟರ್‌ಗೆ ಹೇಳಬೇಕು, ಹಿಂದಿನ ದಿನ ಹೇಳಿದ್ರೆ ಆಗಲ್ಲ.

ಎರಡುಜಡೆ

ಮತ್ತೆ ನರ್ಸರಿ ಮರೀಬೇಡಿ. ಆನ್‌ಲೈನ್ ಕಾದಿರಿಸೋಕೆ ಬಿಟ್ಟ ದಿನವೇ ಸಮುದ್ರದ ಮೇಲಿರೋ ದಿನಗಳ ಸಂಜೆ ಹೊತ್ತನ್ನ ಮೊದಲು ಹಿಡಿಯಿರಿ. ಬಂದರಿನ ದಿನಗಳದ್ದು ಹತ್ತಿದ ಮೇಲೂ ಸಿಗೋ ಸಾಧ್ಯತೆ ಜಾಸ್ತಿ.